ಹಿರಿಯರು ಬಿಟ್ಟುಹೋದ ಬಂಗಾರದ ನಾಣ್ಯ: ಕರಗಿಸುವ ಮುನ್ನ ಬೆಲೆ ತಿಳಿಯುವುದು ಹೇಗೆ?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹಳೆಯ ಮನೆಗಳಲ್ಲಿ ಹಿರಿಯರೊಬ್ಬರು ತೀರಿಕೊಂಡು, ಕರ್ಮಗಳೆಲ್ಲ ಮುಗಿದು, ಅವರ ಸಂದೂಕು ತೆರೆದಾಗ ಬಟ್ಟೆಯ ಗಂಟಿನೊಳಗೆ ಒಂದೆರಡು ಬಂಗಾರದ ನಾಣ್ಯಗಳು ಸಿಗುವುದು ಇಂದಿಗೂ ಉಂಟು. ಒಂದು ಮನೆಯವರು ಅದನ್ನು ಅಶ್ರಫಿ ಎನ್ನುತ್ತಾರೆ, ಇನ್ನೊಂದು ಮನೆಯವರು ಗಿನ್ನಿ ಎನ್ನುತ್ತಾರೆ, ಸರದಲ್ಲಿ ಪೋಣಿಸಿದ್ದರೆ ಪುತಳಿ ಎನ್ನುತ್ತಾರೆ. ಈ ಹೆಸರುಗಳು ಒಂದಕ್ಕೊಂದು ಬೆರೆತುಹೋಗಿರುವುದರಿಂದ, ಮನೆಯಲ್ಲಿ ಕರೆಯುವ ಹೆಸರನ್ನು ನಂಬಿ ಬೆಲೆ ಕಟ್ಟಲು ಬರುವುದಿಲ್ಲ.

ನಮ್ಮ ಮನೆಯಲ್ಲಿ ಅಂಥ ಮೂರು ನಾಣ್ಯಗಳಿದ್ದವು. ಅವುಗಳಲ್ಲಿ ಒಂದನ್ನು ನಮ್ಮ ಕಾಕಾ ತುರ್ತು ಖರ್ಚಿಗೆಂದು ಅಂಗಡಿಯೊಂದಕ್ಕೆ ಒಯ್ದರು. ಅಲ್ಲಿ ಅದನ್ನು ತೂಗಿ, ಹಳೆ ಬಂಗಾರದ ದರ ಹಚ್ಚಿ, ಅವರ ಕಣ್ಣೆದುರಿಗೇ ಕರಗಿಸಿದರು. ನಾನು ಶಾಲೆಯಲ್ಲಿದ್ದಾಗ ಅದೇ ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ತೆಗೆದ ಅಚ್ಚು ನೋಟ್‌ಬುಕ್ಕಿನಲ್ಲಿ ಉಳಿದಿತ್ತು. ಎಷ್ಟೋ ವರ್ಷಗಳ ನಂತರ ಅದನ್ನು ನಾಣ್ಯ ಬಲ್ಲವರೊಬ್ಬರಿಗೆ ತೋರಿಸಿದಾಗ, ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, ಅಕ್ಷರಗಳು ಅರಬ್ಬೀ ಲಿಪಿಯವು, ಆದರೆ ರಾಜನ ಹೆಸರಿನ ಜಾಗ ಮೂಡಿಲ್ಲ, ನಾಣ್ಯ ತನ್ನಿರಿ ಎಂದರು. ತರಲು ನಾಣ್ಯವಿರಲಿಲ್ಲ. ಅದು ಸಾಮಾನ್ಯ ಅಶ್ರಫಿಯೋ, ಅದಕ್ಕಿಂತ ಹಳೆಯದೋ ಎಂಬುದು ಇನ್ನು ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ನಾಣ್ಯ ಯಾವುದೆಂಬುದು ಖಚಿತವಾಗುವವರೆಗೆ ಅದರ ಬೆಲೆಯ ಮಾತನ್ನೇ ಅಂಗಡಿಯಲ್ಲಿ ಎತ್ತಬಾರದು ಎಂಬ ಒಂದು ಮಾತನ್ನು ಓದುಗರು ಗಟ್ಟಿಯಾಗಿ ಹಿಡಿದುಕೊಳ್ಳಬೇಕೆಂದು ನಾನು ಕೋರುತ್ತೇನೆ.

ಮೊದಲು: ತೊಳೆಯಬೇಡಿ, ತಿಕ್ಕಬೇಡಿ

ದೀಪಾವಳಿಯ ಲಕ್ಷ್ಮೀಪೂಜೆಗೆ ನಾಣ್ಯವನ್ನು ಹುಣಸೆಹಣ್ಣಿನಿಂದಲೋ, ಬೂದಿಯಿಂದಲೋ, ಹಲ್ಲುಪುಡಿಯಿಂದಲೋ ತಿಕ್ಕಿ ಹೊಳಪು ಬರಿಸುವುದು ನಮ್ಮ ಮನೆಗಳ ರೂಢಿ. ದೇವರ ಮುಂದೆ ಇಡುವ ವಸ್ತು ಶುದ್ಧವಾಗಿರಲಿ ಎಂಬ ಭಾವನೆ ಸರಿಯಾದುದೇ. ಆದರೆ ಬಂಗಾರ ಮೆತ್ತನೆಯ ಲೋಹ, ಪ್ರತಿ ಸಲ ತಿಕ್ಕಿದಾಗಲೂ ಕೂದಲೆಳೆಯಂಥ ಗೀರುಗಳು ಬಿದ್ದು, ಅಕ್ಷರಗಳ ಅಂಚು ಸವೆಯುತ್ತದೆ. ಸಂಗ್ರಾಹಕರು ಭೂತಗನ್ನಡಿಯಲ್ಲಿ ಮೊದಲು ಹುಡುಕುವುದೇ ಈ ಗೀರುಗಳನ್ನು. ಸಂದಿಗಳಲ್ಲಿ ಕುಂಕುಮ ಅರಿಶಿನ ಮೆತ್ತಿಕೊಂಡಿದ್ದರೂ ಹಾಗೆಯೇ ಇರಲಿ. ನಾಣ್ಯವನ್ನು ಮುಟ್ಟುವಾಗ ಮುಖದ ಮೇಲೆ ಬೆರಳಿಡದೆ ಅಂಚನ್ನು ಮಾತ್ರ ಹಿಡಿಯಿರಿ, ಕೆಳಗೆ ಮೆತ್ತನೆಯ ಬಟ್ಟೆ ಹಾಸಿಕೊಳ್ಳಿ. ಪತ್ತಾರರು ಒರೆಗಲ್ಲಿಗೆ ಹಚ್ಚಿ ನೋಡುತ್ತೇನೆಂದರೆ, ಒಡವೆಗಳಿಗಾದರೆ ಅದು ನಡೆಯುತ್ತದೆ, ನಾಣ್ಯಕ್ಕೆ ಬೇಡವೆಂದು ವಿನಯದಿಂದ ಹೇಳಿ.

ಮನೆಯಲ್ಲಿ ಬಂದದ್ದೋ, ನೆಲದಲ್ಲಿ ಸಿಕ್ಕದ್ದೋ?

ಹಿರಿಯರ ಪೆಟ್ಟಿಗೆಯಿಂದ ಬಂದ ನಾಣ್ಯ ವಾರಸುದಾರರ ಆಸ್ತಿ. ಆದರೆ ಹಳೆಯ ಗೋಡೆ ಕೆಡವುವಾಗ, ಪಾಯ ತೋಡುವಾಗ, ಹೊಲದಲ್ಲಿ ನೇಗಿಲು ಹೊಡೆಯುವಾಗ ಸಿಕ್ಕದ್ದಾದರೆ ಮಾತು ಬೇರೆಯಾಗುತ್ತದೆ. ಕರ್ನಾಟಕದ 1962ರ ನಿಧಿ ಕಾಯ್ದೆ ಇರುವುದರಿಂದ, ಹಾಗೆ ಸಿಕ್ಕ ನಿಧಿಯ ವಿಷಯವನ್ನು ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು; ಮುಚ್ಚಿಡುವುದು ಅಪರಾಧ. ಬಹಮನಿ ಸುಲ್ತಾನರು ಆಳಿದ ಈ ನೆಲದಲ್ಲಿ ಇದು ಬರೀ ಊಹೆಯ ಪ್ರಶ್ನೆಯಲ್ಲವಾದ್ದರಿಂದ ಮೊದಲೇ ಹೇಳಿದ್ದೇನೆ. ಮನೆಯದೇ ನಾಣ್ಯವಾಗಿದ್ದರೆ, ಅದು ಯಾರಿಂದ ಯಾರಿಗೆ ಬಂತೆಂಬುದನ್ನು ತಿಳಿದ ಹಿರಿಯರಿಂದ ಕೇಳಿ ಒಂದು ಹಾಳೆಯ ಮೇಲೆ ಬರೆದಿಡಿ. ಮೃತ್ಯುಪತ್ರ, ಪಾಲುಪತ್ರ, ಹಳೆಯ ಫೋಟೊ, ಹೀಗೆ ನಾಣ್ಯದ ಉಲ್ಲೇಖವಿರುವ ಯಾವುದೇ ಕಾಗದವಿದ್ದರೂ ಅದರ ಪ್ರತಿಯನ್ನು ಜೊತೆಗಿಡಿ, ಮುಂದೆ ಮಾರುವಾಗಲೂ ತೆರಿಗೆ ಲೆಕ್ಕದಲ್ಲೂ ಅದು ಬೇಕಾಗುತ್ತದೆ.

ತೂಕ, ಅಳತೆ, ಚಿತ್ರ

ಅಡುಗೆಮನೆಯ ತಕ್ಕಡಿ ಇದಕ್ಕೆ ಸಾಲದು. ಗ್ರಾಂನ ನೂರನೇ ಒಂದು ಭಾಗದವರೆಗೆ, ಅಂದರೆ 0.01 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತೂಕದ ಯಂತ್ರ ಬೇಕು. ಪರಿಚಯದ ಸರಾಫರಲ್ಲಿ ತೂಗಿಸುವುದಾದರೆ ನಿಮ್ಮ ಎದುರಿಗೇ ತೂಗಿಸಿ, ಅಂಕಿಯನ್ನು ಗ್ರಾಂನಲ್ಲಿಯೇ ಬರೆದುಕೊಳ್ಳಿ. ತೊಲೆಯ ಲೆಕ್ಕ ಬೇಡವೆನ್ನುವುದಕ್ಕೆ ಕಾರಣವಿದೆ: ಹಳೆಯ ತೊಲೆ 11.66 ಗ್ರಾಂ, ಇಂದು ಪೇಟೆಯಲ್ಲಿ ತೊಲೆ ಎಂದರೆ 10 ಗ್ರಾಂ. ಅಜ್ಜ ಬರೆದಿಟ್ಟ ಚೀಟಿಯಲ್ಲಿ ಒಂದು ತೊಲೆ ಎಂದಿದ್ದು, ಅಂಗಡಿಯವರೂ ಒಂದು ತೊಲೆ ಎಂದರೆ, ನಡುವೆ ಒಂದೂವರೆ ಗ್ರಾಂಗಿಂತ ಹೆಚ್ಚು ಬಂಗಾರ ಮಾತಿನಲ್ಲೇ ಕರಗಿಹೋಗುತ್ತದೆ.

ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ಲೋಹದ ಕ್ಯಾಲಿಪರ್ ಗೀರು ಹಾಕುವುದರಿಂದ ಪ್ಲಾಸ್ಟಿಕ್ಕಿನದು ಉತ್ತಮ. ಎರಡೂ ಮುಖಗಳನ್ನು ಮತ್ತು ಅಂಚನ್ನು ಬೆಳಗಿನ ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮೊಬೈಲಿನಿಂದಲೇ ತೆಗೆಯಬಹುದು. ಬೆಳಕು ಓರೆಯಾಗಿ ಬಿದ್ದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ.

ಬಂಗಾರವೇ ಹೌದೋ ಅಲ್ಲವೋ ಎಂಬ ಅನುಮಾನವಿದ್ದರೆ, ಗೀರು ಹಾಕದೆ ನೋಡುವ ಒಂದು ಉಪಾಯ ಮನೆಯಲ್ಲೇ ಸಾಧ್ಯ. ಸಣ್ಣ ಲೋಟದಲ್ಲಿ ಶುದ್ಧ ನೀರು ತುಂಬಿ ಯಂತ್ರದ ಮೇಲಿಟ್ಟು ಅಂಕಿಯನ್ನು ಸೊನ್ನೆ ಮಾಡಿ. ನಾಣ್ಯವನ್ನು ತೆಳುವಾದ ದಾರದಿಂದ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ನೀರಿನೊಳಗೆ ಪೂರ್ತಿ ಮುಳುಗಿಸಿ ಕೈಯಲ್ಲೇ ಹಿಡಿದಿರಿ. ಆಗ ಯಂತ್ರ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ನಾಣ್ಯದ ತೂಕವನ್ನು ಆ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. 22 ಕ್ಯಾರೆಟ್ ಬಂಗಾರಕ್ಕೆ ಅದು 17.7ರ ಆಸುಪಾಸು, ಅಪ್ಪಟ ಬಂಗಾರಕ್ಕೆ 19.3, ಬೆಳ್ಳಿಗೆ 10.5, ಹಿತ್ತಾಳೆಗೆ ಸುಮಾರು 8.5. ಸುಮಾರು 8 ಗ್ರಾಂ ತೂಗುವ ಗಿನ್ನಿ ನೀರಿನಲ್ಲಿ 0.45 ಗ್ರಾಂ ತೋರಿಸಿದರೆ ಸರಿಯಾಗಿದೆ, 0.9ರ ಮೇಲೆ ತೋರಿಸಿದರೆ ಒಳಗಿರುವುದು ಹಿತ್ತಾಳೆ. ಸರಕ್ಕೆ ಹಾಕಲು ಕೊಂಡಿ ಬೆಸೆದ ನಾಣ್ಯಕ್ಕೆ ಮಾತ್ರ ಈ ಲೆಕ್ಕ ಸರಿಯಾಗಿ ಕೂಡುವುದಿಲ್ಲ.

ನಾಣ್ಯ ಯಾವುದು?

ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ, ಇದಕ್ಕೆ ಒಂದು ವಾರ ಹಿಡಿದರೂ ಹಿಡಿಯಲಿ.

ನಮ್ಮ ಮೂರೂ ಜಿಲ್ಲೆಗಳು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸಂಸ್ಥಾನಕ್ಕೆ ಹಾಲಿ ಸಿಕ್ಕಾ ಎಂಬ ತನ್ನದೇ ನಾಣ್ಯವಿತ್ತು, ಬ್ರಿಟಿಷರ ರೂಪಾಯಿಯನ್ನು ಜನ ಕಲದಾರ್ ಎನ್ನುತ್ತಿದ್ದರು. ಆದ್ದರಿಂದ ಇಲ್ಲಿನ ಮನೆಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಹೈದರಾಬಾದಿನ ಅಶ್ರಫಿಯನ್ನು. ನಿಜಾಮರಿಗೆ ನಜರಾನಾ ಎಂಬ ಗೌರವ ಕಾಣಿಕೆ ಒಪ್ಪಿಸುವಾಗ ಕೊಡುತ್ತಿದ್ದ ನಾಣ್ಯವಿದು. ಪೂರ್ಣ ಅಶ್ರಫಿಯ ತೂಕ ಸುಮಾರು 11.18 ಗ್ರಾಂ, ಅರ್ಧ ಅಶ್ರಫಿ 5.59, ಕಾಲು 2.79, ಅರೆಗಾಲು 1.39 ಗ್ರಾಂ, ಬಂಗಾರದ ಅಂಶ ನೂರಕ್ಕೆ 91ರಷ್ಟು. ಇಪ್ಪತ್ತನೇ ಶತಮಾನದ ಆರಂಭದಿಂದ ಬಂದ ಅಶ್ರಫಿಗಳ ಮೇಲೆ ಚಾರ್‌ಮಿನಾರ್ ಸ್ಪಷ್ಟವಾಗಿ ಕಾಣುತ್ತದೆ. ಅದರ ನಡುಬಾಗಿಲೊಳಗೆ ಒಂದೇ ಒಂದು ಉರ್ದು ಅಕ್ಷರವಿರುತ್ತದೆ, ಅದನ್ನು ಭೂತಗನ್ನಡಿಯಲ್ಲಿ ನೋಡಿ: ‘ಮೀಮ್’ ಇದ್ದರೆ 1911ರಲ್ಲಿ ತೀರಿಕೊಂಡ ಮೀರ್ ಮಹಬೂಬ್ ಅಲಿ ಖಾನ್ ಅವರ ಕಾಲದ್ದು, ‘ಐನ್’ ಇದ್ದರೆ ಅವರ ನಂತರ ಪಟ್ಟಕ್ಕೆ ಬಂದ ಮೀರ್ ಉಸ್ಮಾನ್ ಅಲಿ ಖಾನ್ ಅವರ ಕಾಲದ್ದು. ಮೀಮ್ ಎಂದರೆ ಸಣ್ಣ ಗಂಟು ಮತ್ತು ಕೆಳಗಿಳಿದ ಬಾಲ. ಐನ್ ಎಂದರೆ ಎಡಕ್ಕೆ ತೆರೆಯದೆ ಬಲಕ್ಕೆ ಬಾಯಿ ತೆರೆದ ಎರಡು ಬಾಗುಗಳು, ಒಂದರ ಕೆಳಗೊಂದು.

ಇಸವಿ ಹಿಜರಿಯಲ್ಲಿ, ಅಂದರೆ ಮುಸ್ಲಿಂ ಪಂಚಾಂಗದ ಲೆಕ್ಕದಲ್ಲಿ ಇರುತ್ತದೆ, ಜೊತೆಗೆ ನಿಜಾಮರು ಪಟ್ಟಕ್ಕೆ ಬಂದು ಎಷ್ಟನೇ ವರ್ಷವೆಂಬ ಜುಲೂಸ್ ಅಂಕಿಯೂ ಇರುತ್ತದೆ. ಅಂಕಿಗಳನ್ನು ಗುರುತಿಸುವುದು ಕಷ್ಟವಲ್ಲ: ನೆಟ್ಟಗಿನ ಗೆರೆ ಒಂದು, ಚುಕ್ಕೆ ಸೊನ್ನೆ, ಮೇಲಕ್ಕೆ ತೆರೆದ ಕವೆ ಏಳು, ಅದೇ ಕವೆ ತಲೆಕೆಳಗಾದರೆ ಎಂಟು, ಒಂಬತ್ತು ಮಾತ್ರ ನಾವು ಬಲ್ಲ ಇಂಗ್ಲಿಷ್ ಅಂಕಿಯನ್ನೇ ಹೋಲುತ್ತದೆ. ಹಿಜರಿ ವರ್ಷದಲ್ಲಿ ನೂರಕ್ಕೆ ಮೂರು ಕಳೆದು, ಉಳಿದುದಕ್ಕೆ 622 ಕೂಡಿಸಿದರೆ ಕ್ರಿಸ್ತಶಕ ಒಂದು ವರ್ಷದ ಅಂತರದೊಳಗೆ ಸಿಗುತ್ತದೆ. 1337ರಲ್ಲಿ 40 ಕಳೆದರೆ 1297, ಅದಕ್ಕೆ 622 ಕೂಡಿಸಿದರೆ 1919. ಆ ಹಿಜರಿ ವರ್ಷ ನಿಜಕ್ಕೂ 1918ರ ಅಕ್ಟೋಬರಿನಲ್ಲಿ ಶುರುವಾಗಿತ್ತು. ನಾಣ್ಯದ ಮೇಲೆ 92 ಎಂಬ ಅಂಕಿ ಕಂಡರೆ ಅದನ್ನು ಇಸವಿ ಎಂದು ತಿಳಿಯಬಾರದು, ಅದು ಅಕ್ಷರಗಳಿಗೆ ಬೆಲೆ ಕಟ್ಟುವ ಅಬ್ಜದ್ ಲೆಕ್ಕದಲ್ಲಿ ಪ್ರವಾದಿಯವರ ಹೆಸರಿನ ಸಂಖ್ಯೆ. ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದ ಹಿರಿಯರು ಓಣಿಯಲ್ಲಿ ಇನ್ನೂ ಇದ್ದರೆ ಅವರಿಗೆ, ಇಲ್ಲವೇ ಉರ್ದು ಶಾಲೆಯ ಶಿಕ್ಷಕರಿಗೆ ಚಿತ್ರ ತೋರಿಸಿ. ನಮ್ಮ ಎರಡನೇ ನಾಣ್ಯವನ್ನು ಓದಿಕೊಟ್ಟದ್ದು ಹಳೆಯ ಜಮೀನು ಕಾಗದಗಳನ್ನು ಓದಿ ಹೇಳುವ ಒಬ್ಬ ಹಿರಿಯರು. ಅವರು ಕನ್ನಡಕ ಮೇಲಕ್ಕೆ ಸರಿಸಿ, ನಾಣ್ಯವನ್ನು ಕಣ್ಣಿನ ಹತ್ತಿರ ತಂದು, ‘ಫರ್ಖುಂದಾ ಬುನ್ಯಾದ್ ಹೈದರಾಬಾದ್’ ಎಂದು ಒಂದೇ ಉಸಿರಿಗೆ ಓದಿದರು. ಅದು ನಾಣ್ಯ ಮುದ್ರಿಸಿದ ಟಂಕಸಾಲೆಯ ಹೆಸರು.

ಗಿನ್ನಿ ಎಂದು ನಾವು ಕರೆಯುವುದು ಬಹುತೇಕ ಬ್ರಿಟಿಷ್ ಸವರನ್. ಒಂದು ಕಡೆ ರಾಣಿಯ ಅಥವಾ ರಾಜನ ಮುಖ, ಇನ್ನೊಂದು ಕಡೆ ಸಾಮಾನ್ಯವಾಗಿ ಕುದುರೆಯೇರಿ ಘಟಸರ್ಪವನ್ನು ಕೊಲ್ಲುವ ಸಂತ ಜಾರ್ಜ್. ತೂಕ 7.988 ಗ್ರಾಂ, ವ್ಯಾಸ 22 ಮಿಲಿಮೀಟರು, 22 ಕ್ಯಾರೆಟ್, ಒಳಗಿನ ಅಪ್ಪಟ ಬಂಗಾರ 7.32 ಗ್ರಾಂ. ಇಸವಿ 1918 ಆಗಿದ್ದರೆ ಇಸವಿಯ ಮೇಲಿನ ನೆಲದ ಗೆರೆಯನ್ನು ಗಮನಿಸಿ. ಅಲ್ಲಿ ‘ಐ’ ಎಂಬ ಪುಟ್ಟ ಇಂಗ್ಲಿಷ್ ಅಕ್ಷರವಿದ್ದರೆ ಅದು ಮುಂಬಯಿ ಟಂಕಸಾಲೆಯಲ್ಲಿ ಆ ಒಂದೇ ವರ್ಷದ ಇಸವಿಯೊಂದಿಗೆ ಮುದ್ರಿಸಿದ ಸವರನ್. ಅದೇ 1918ರಲ್ಲಿ ಅದೇ ತೂಕದ 15 ರೂಪಾಯಿಯ ಬಂಗಾರದ ನಾಣ್ಯವೂ ಮುಂಬಯಿಯಲ್ಲಿ ಹೊರಬಂತು, ಅದಕ್ಕೆ ಸಂಗ್ರಾಹಕರಲ್ಲಿ ಬೇಡಿಕೆ ಹೆಚ್ಚು. ಸವರನ್‌ಗೆ ನಕಲಿಗಳು ಬಹಳ, ಕೆಲವು ನಕಲಿಗಳಲ್ಲಿ ಬಂಗಾರವೂ ಸರಿಯಾಗಿಯೇ ಇರುತ್ತದೆ. ಅಂಥದ್ದಕ್ಕೆ ಲೋಹದ ಬೆಲೆ ಸಿಗುತ್ತದೆ, ಅದರ ಮೇಲೆ ಏನೂ ಸಿಗುವುದಿಲ್ಲ. ಇನ್ನೂ ಭಾರವಾಗಿ 11.66 ಗ್ರಾಂ ತೂಗಿ, ವಿಕ್ಟೋರಿಯಾ ಮುಖವೋ ತಾಳೆಮರದ ಮುಂದೆ ನಿಂತ ಸಿಂಹವೋ ಇದ್ದರೆ ಅದು ಬ್ರಿಟಿಷ್ ಇಂಡಿಯಾದ ಮೊಹರು, ಕೂಡಲೇ ಬಲ್ಲವರಿಗೆ ತೋರಿಸಬೇಕಾದ ನಾಣ್ಯ.

ಪುತಳಿ ಸರದ ಬಿಲ್ಲೆಗಳ ಮೂಲ ಇಟಲಿಯ ವೆನಿಸ್ ನಗರದ ಡ್ಯೂಕೆಟ್ ಎಂಬ ನಾಣ್ಯ: ಸುಮಾರು 3.5 ಗ್ರಾಂ, ಬಹುತೇಕ ಅಪ್ಪಟ ಬಂಗಾರ, ಸಂತನ ಮುಂದೆ ಮಂಡಿಯೂರಿದ ಅಧಿಪತಿ ಒಂದು ಕಡೆ, ನಕ್ಷತ್ರಗಳ ನಡುವೆ ನಿಂತ ಕ್ರಿಸ್ತ ಇನ್ನೊಂದು ಕಡೆ. ನಮ್ಮ ಪತ್ತಾರರು ಆ ಚಿತ್ರವನ್ನು ನೋಡಿ ನೋಡಿ ಅಚ್ಚು ತೆಗೆದದ್ದರಿಂದ ಹೆಚ್ಚಿನ ಪುತಳಿಗಳಲ್ಲಿ ಅಕ್ಷರಗಳು ಬರೀ ಗೆರೆಗಳಾಗಿ, ಮನುಷ್ಯರು ಬೊಂಬೆಗಳಾಗಿ ಉಳಿದಿದ್ದಾರೆ. ಅವು ಅಂದವಾದ ಒಡವೆಗಳು, ಬೆಲೆ ಬಂಗಾರದ್ದು. ಅಕ್ಷರಗಳು ತಪ್ಪಿಲ್ಲದೆ ಓದಲು ಬಂದರೆ ಮಾತ್ರ ಅಸಲಿ ವೆನಿಸ್ ನಾಣ್ಯವಿರಬಹುದು.

ಸುಮಾರು 3.4 ಗ್ರಾಂ ಅಥವಾ ಅದರ ಅರ್ಧ ತೂಗುವ, ಬೆರಳುಗುರಿನಷ್ಟು ಚಿಕ್ಕದಾದ, ನಾಗರಿ ಲಿಪಿಯ ನಾಣ್ಯ ವಿಜಯನಗರದ ವರಹ ಅಥವಾ ಅರ್ಧ ವರಹ. ಗಂಡಭೇರುಂಡವಿದ್ದರೆ ಅದನ್ನು ಅಚ್ಯುತರಾಯನ ಕಾಲದ್ದೆಂದು ಮೊದಲು ಊಹಿಸಬಹುದು. ಬಹಮನಿ ಸುಲ್ತಾನರ ಟಂಕ ಎಂಬ ಬಂಗಾರದ ನಾಣ್ಯ ಸಿಕ್ಕರೆ ಅದು ಅಪರೂಪದ್ದು. ಅದರ ಮೇಲೆ ಅಹ್ಸನಾಬಾದ್ ಎಂದಿದ್ದರೆ ನಮ್ಮ ಕಲಬುರಗಿ, ಮುಹಮ್ಮದಾಬಾದ್ ಎಂದಿದ್ದರೆ ಬೀದರ್. ಔರಂಗಜೇಬನ ಕಾಲದಲ್ಲಿ ಬೀದರಿಗೆ ಜಫರಾಬಾದ್ ಎಂಬ ಹೆಸರಿತ್ತು, ಆ ಹೆಸರಿನ ಮೊಘಲ್ ನಾಣ್ಯಗಳಿವೆ. ನಮ್ಮೂರ ಹೆಸರು ಹೊತ್ತ ನಾಣ್ಯವೊಂದು ನಮ್ಮೂರಲ್ಲೇ ಕುಲುಮೆಗೆ ಬೀಳಬಾರದು ಎಂಬುದು ನನ್ನ ಕಳಕಳಿ.

ಇದಕ್ಕೆ ವಿರುದ್ಧವಾಗಿ, ರಾಮದರ್ಬಾರ್ ಅಥವಾ ಹನುಮಂತನ ಚಿತ್ರದೊಂದಿಗೆ ಈಸ್ಟ್ ಇಂಡಿಯಾ ಕಂಪನಿ, 1818 ಎಂದು ಬರೆದಿರುವ ಬಿಲ್ಲೆಗಳು ಯಾವ ಟಂಕಸಾಲೆಯಿಂದಲೂ ಬಂದವಲ್ಲ. ಪೂಜೆಯಲ್ಲಿ ಇಡಲು ಅಡ್ಡಿಯಿಲ್ಲ, ಲಕ್ಷಗಟ್ಟಲೆ ಬೆಲೆಯ ಮಾತು ಸುಳ್ಳು.

ಬಂಗಾರದ ಲೆಕ್ಕ

ಗುರುತು ಸಿಕ್ಕ ಮೇಲೆ ಲೋಹದ ಬೆಲೆ ಕಟ್ಟುವುದು ಸುಲಭ. ತೂಕವನ್ನು ಶುದ್ಧತೆಯಿಂದ ಗುಣಿಸಿ, ಬಂದ ಅಪ್ಪಟ ಬಂಗಾರವನ್ನು ಆ ದಿನದ 24 ಕ್ಯಾರೆಟ್ ದರದಿಂದ ಗುಣಿಸಬೇಕು. ಲೆಕ್ಕಕ್ಕೆಂದು 10 ಗ್ರಾಂಗೆ ಒಂದು ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ, ಸವರನ್‌ಗೆ ಸುಮಾರು 73,200 ರೂಪಾಯಿ, ಪೂರ್ಣ ಅಶ್ರಫಿಗೆ ಸುಮಾರು 1,01,700 ರೂಪಾಯಿ ಆಗುತ್ತದೆ. ಇದು ಕೆಳಗಿನ ಮಿತಿ, ಇದಕ್ಕಿಂತ ಬಹಳ ಕಡಿಮೆಗೆ ಯಾರು ಕೇಳಿದರೂ ಎದ್ದು ಬನ್ನಿ. ಶುದ್ಧತೆಯನ್ನು ಯಂತ್ರದಿಂದ ತಿಳಿಯಬೇಕಿದ್ದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನ್ಯತೆ ಪಡೆದ ಹಾಲ್‌ಮಾರ್ಕ್ ಕೇಂದ್ರದಲ್ಲಿ ಎಕ್ಸ್‌ಆರ್‌ಎಫ್ ಪರೀಕ್ಷೆ ಮಾಡಿಸಬಹುದು. ಅದು ಕಿರಣಗಳಿಂದ ಮೇಲ್ಮೈಯನ್ನಷ್ಟೇ ಓದುತ್ತದೆ, ನಾಣ್ಯಕ್ಕೆ ಧಕ್ಕೆಯಿಲ್ಲ. ತುಣುಕು ಕತ್ತರಿಸಿ ಕರಗಿಸಿ ನೋಡುವ ಪರೀಕ್ಷೆಗೆ ಒಪ್ಪಬೇಡಿ. ಮೇಲ್ಮೈಯ ಫಲಿತಾಂಶವನ್ನು ನೀರಿನ ಲೆಕ್ಕದೊಂದಿಗೆ ಹೋಲಿಸಿದರೆ ಬಂಗಾರದ ಲೇಪನವಿರುವ ಮೋಸವೂ ಹೊರಬೀಳುತ್ತದೆ.

ಬಂಗಾರದ ಬೆಲೆಗಿಂತ ಮೇಲೆ ಸಂಗ್ರಾಹಕರು ಕೊಡುವ ಬೆಲೆ ನಿಂತಿರುವುದು ನಾಣ್ಯ ಎಷ್ಟು ವಿರಳ, ಎಷ್ಟು ಚೆನ್ನಾಗಿ ಉಳಿದಿದೆ, ಎಷ್ಟು ಜನ ಕೇಳುತ್ತಾರೆ ಎಂಬ ಮೂರರ ಮೇಲೆ. ಹಳೆಯದಾದಷ್ಟೂ ಬೆಲೆ ಹೆಚ್ಚೆಂಬ ನಂಬಿಕೆ ನಿಜವಲ್ಲ. ನಾನೂರು ಐನೂರು ವರ್ಷ ಹಳೆಯ ಅರ್ಧ ವರಹಗಳು ಸಾಕಷ್ಟು ಉಳಿದಿರುವುದರಿಂದ ಅವುಗಳ ಬೆಲೆ ವಯಸ್ಸಿಗೆ ತಕ್ಕಷ್ಟು ಏರಿಲ್ಲ. ಚಾರ್‌ಮಿನಾರಿನ ಸಣ್ಣ ಕಿಟಕಿಗಳು, ಸಂತ ಜಾರ್ಜನ ಶಿರಸ್ತ್ರಾಣದ ತುರಾಯಿ, ಅಂಚಿನಲ್ಲಿ ಟಂಕಸಾಲೆಯೇ ಮೂಡಿಸಿದ ಸಾಲುಗೆರೆಗಳು ಹರಿತವಾಗಿ ಉಳಿದಿದ್ದರೆ ಒಳ್ಳೆಯದು. ಕೊಂಡಿ ಬೆಸೆದಿದ್ದರೆ, ತೂತು ಹಾಕಿದ್ದರೆ ಸಂಗ್ರಾಹಕರ ಬೆಲೆ ಬಹಳ ಇಳಿಯುತ್ತದೆ. ನಮ್ಮ ಮೂರನೇ ನಾಣ್ಯಕ್ಕೆ ಅಜ್ಜಿ ತಾಳಿಸರಕ್ಕೆಂದು ಕೊಂಡಿ ಹಾಕಿಸಿದ್ದರು. ಅದನ್ನು ತೆಗೆಸಿ ಉಜ್ಜಿಸಿದರೆ ಮೊದಲಿನಂತಾಗುತ್ತದೆ ಎಂಬ ಸಲಹೆ ಬಂದಿತ್ತು. ಬೆಸುಗೆಯ ಕಲೆ ಹೋಗದು, ಮೇಲೆ ಇನ್ನೊಂದು ಗಾಯವಾಗುತ್ತದೆ ಎಂದು ಬಲ್ಲವರು ಹೇಳಿದ್ದರಿಂದ ಹಾಗೆಯೇ ಬಿಟ್ಟಿದ್ದೇವೆ.

ಸಂಗ್ರಾಹಕರ ಬೆಲೆಯನ್ನು ಎಲ್ಲಿ ಕೇಳಬೇಕು?

ಸರಾಫ್ ಬಜಾರಿನ ವ್ಯಾಪಾರಿಗಳು ಬಂಗಾರವನ್ನು ಬಲ್ಲವರು, ನಾಣ್ಯಶಾಸ್ತ್ರ ಅವರ ಕಸುಬಲ್ಲ. ಅವರಿಂದ ತೂಕ ಮತ್ತು ದರ ಕೇಳುವುದು ನ್ಯಾಯ, ವಿರಳತೆಯ ತೀರ್ಪು ಕೇಳುವುದು ಸರಿಯಲ್ಲ. ಹೋಲಿಸಿ ನೋಡಲು ಹೈದರಾಬಾದಿನ ಸೈಫಾಬಾದ್ ಟಂಕಸಾಲೆಯ ಸಂಗ್ರಹಾಲಯಕ್ಕೆ ಒಮ್ಮೆ ಹೋಗಿಬನ್ನಿ, ನಿಜಾಮರ ನಾಣ್ಯಗಳನ್ನು ಅಲ್ಲಿ ಕಣ್ಣಾರೆ ಕಾಣಬಹುದು. ಬೆಲೆಗೆ ನಾಣ್ಯ ಹರಾಜು ಸಂಸ್ಥೆಗಳೇ ದಿಕ್ಕು: ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬಯಿಯ ಟೋಡಿವಾಲಾ ಮುಂತಾದವು ಹರಾಜಿನ ಪಟ್ಟಿಗಳನ್ನು ಜಾಲತಾಣದಲ್ಲಿ ಹಾಕುತ್ತವೆ. ನಿಮ್ಮದೇ ರಾಜ, ಇಸವಿ, ತೂಕ, ಸ್ಥಿತಿಯ ನಾಣ್ಯ ಎಷ್ಟಕ್ಕೆ ಮಾರಾಟವಾಯಿತು ಎಂಬುದನ್ನು ನೋಡಿ. ಮಾರುವವರು ಕೇಳುವ ಬೆಲೆಯನ್ನು ನೋಡಿ ಮನಸ್ಸಿನಲ್ಲಿ ಮನೆ ಕಟ್ಟಬಾರದು. ಎರಡು ಮೂರು ಕಡೆ ಚಿತ್ರ, ತೂಕ, ಅಳತೆ ಕಳಿಸಿ ಅಂದಾಜು ಪಡೆಯಿರಿ. ಕಮಿಷನ್ ಎಷ್ಟೆಂಬುದನ್ನು ಬರವಣಿಗೆಯಲ್ಲಿ ಕೇಳಿ. ನಾಣ್ಯವನ್ನು ಒಪ್ಪಿಸುವಾಗ ತೂಕ ಮತ್ತು ಚಿತ್ರಸಹಿತ ರಸೀದಿ ಇಲ್ಲದೆ ಕೈಬಿಡಬೇಡಿ. ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದು ಫೋನಿನಲ್ಲಿ ಹೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಸಾರ್ವಜನಿಕರನ್ನು ಎಚ್ಚರಿಸಿದೆ.

ಮಾರುವುದಾದರೆ

ನೂರು ವರ್ಷ ಮೀರಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತದೆ. 1918ರ ಸವರನ್ ಕೂಡ ಈಗ ಆ ಸಾಲಿಗೆ ಸೇರಿದೆ. ಖಾಸಗಿ ವ್ಯಕ್ತಿ ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ವಿದೇಶದಲ್ಲಿರುವ ಮಗ ಅಲ್ಲಿ ಹೆಚ್ಚು ಬೆಲೆ ಬರುತ್ತದೆಂದರೂ, ನಾಣ್ಯ ಅಸಲಿಯೆಂಬ ಪ್ರಮಾಣಪತ್ರಕ್ಕೆಂದು ಅಮೆರಿಕಕ್ಕೆ ಅಂಚೆಯಲ್ಲಿ ಕಳಿಸೋಣವೆಂದರೂ ಒಪ್ಪಬೇಡಿ. ಕೊಳ್ಳುವ ವ್ಯಾಪಾರಿಗೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿ ಇದೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ವಾರಸಾಗಿ ಬಂದ ನಾಣ್ಯದ ಮೇಲೆ, ಬಂದ ಕಾರಣಕ್ಕೆ ತೆರಿಗೆಯಿಲ್ಲ. ಮಾರಿದಾಗ ಬಂದ ಲಾಭದ ಮೇಲೆ ಇದೆ. ಹಿರಿಯರು ಇಟ್ಟುಕೊಂಡಿದ್ದ ಅವಧಿಯೂ ನಿಮ್ಮ ಲೆಕ್ಕಕ್ಕೆ ಸೇರುವುದರಿಂದ ಅದು ದೀರ್ಘಾವಧಿ ಲಾಭವಾಗುತ್ತದೆ, ಜುಲೈ 23, 2024ರಂದು ಮತ್ತು ಅದರ ನಂತರ ಆದ ಮಾರಾಟಕ್ಕೆ ದರ ನೂರಕ್ಕೆ 12.5. ಏಪ್ರಿಲ್ 1, 2001ಕ್ಕಿಂತ ಮೊದಲೇ ಮನೆಯಲ್ಲಿದ್ದ ನಾಣ್ಯಕ್ಕೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಅಸಲಾಗಿ ತೋರಿಸಬಹುದು, ಅದಕ್ಕೆ ನೋಂದಾಯಿತ ಮೌಲ್ಯಮಾಪಕರ ವರದಿ ಮಾಡಿಸಿಕೊಳ್ಳಿ. ಒಬ್ಬರಿಂದ ಒಂದೇ ದಿನ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ನಿಷಿದ್ಧ, ಬ್ಯಾಂಕಿನ ಮೂಲಕವೇ ಪಡೆಯಿರಿ. ಹಾಗೆಯೇ, ಅಕ್ಕ ತಂಗಿಯರೂ ಸೇರಿ ಪಾಲುದಾರರೆಲ್ಲರ ಒಪ್ಪಿಗೆಯನ್ನು ಸಹಿಯೊಂದಿಗೆ ಮೊದಲೇ ಬರೆಸಿಕೊಳ್ಳಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಕೇಳದೆ ನಾಣ್ಯ ಮಾರಿ, ಒಂದು ತೊಲೆ ಬಂಗಾರಕ್ಕಾಗಿ ಎರಡು ಮನೆಗಳ ನಡುವೆ ಮಾತು ನಿಂತದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಸದ್ಯಕ್ಕೆ ಮಾರದೆ ಇಟ್ಟುಕೊಳ್ಳುವುದಾದರೆ ಪ್ರತಿ ನಾಣ್ಯವನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿಡಿ, ಒಂದಕ್ಕೊಂದು ತಾಗಿದರೆ ಗೀರು ಬೀಳುತ್ತದೆ. ಲಕೋಟೆಯ ಮೇಲೆ ತೂಕ, ವ್ಯಾಸ, ರಾಜನ ಹೆಸರು, ಇಸವಿ, ಯಾರಿಂದ ಬಂತೆಂಬುದನ್ನು ನಾಣ್ಯವನ್ನು ಒಳಗಿಡುವ ಮೊದಲೇ ಬರೆಯಿರಿ. ಅದರದೇ ಒಂದು ಪ್ರತಿ ಚಿತ್ರಗಳೊಂದಿಗೆ ಮನೆಯಲ್ಲಿರಲಿ, ನಾಣ್ಯ ಬ್ಯಾಂಕಿನ ಲಾಕರಿನಲ್ಲಿರಲಿ.